ಮುಖದ ಕೆಂಪಿಗೆ ಹತ್ತು ಕಾರಣ, ಡರ್ಮೋಸ್ಕೋಪಿಗೆ ನಾಲ್ಕೈದು ಪ್ರಶ್ನೆ

ಮೂವರು ಮೆಡಿಕಲ್ ಶಾಪಿಗೆ ಬಂದು “ಮುಖ ಕೆಂಪಾಗಿ ಉರೀತಿದೆ, ಏನಾದ್ರೂ ಕೊಡಿ” ಎಂದು ಕೇಳುತ್ತಾರೆ ಅಂದುಕೊಳ್ಳಿ. ಒಬ್ಬ ಕಾಲೇಜು ಹುಡುಗ. ಅವನಿಗೆ ಇರುವುದು ತಲೆಹೊಟ್ಟಿನ ಕಾಯಿಲೆ, ಅದು ಹುಬ್ಬಿಗೂ ಮೂಗಿನ ಪಕ್ಕಕ್ಕೂ ಇಳಿದಿದೆ. ಇನ್ನೊಬ್ಬರು ಕೋಲಾರದ ಟೊಮೆಟೊ ಮಂಡಿಯಲ್ಲಿ ದಿನವಿಡೀ ಬಿಸಿಲಿಗೆ ನಿಲ್ಲುವವರು, ವಯಸ್ಸು ನಲವತ್ತು ದಾಟಿದೆ. ಅವರದು ರೊಸೇಶಿಯಾ, ಕೆನ್ನೆ ಮೂಗಿನ ಮೇಲೆ ಬಿಡದ ಕೆಂಪು ತರುವ ಕಾಯಿಲೆ. ಮೂರನೆಯವರು ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸು. ಅವರ ಕೆನ್ನೆಯ ಮೇಲಿರುವುದು ಡಿಸ್ಕಾಯ್ಡ್ ಲೂಪಸ್. ಹಾಗೇ ಬಿಟ್ಟರೆ ಮಾಸದ ಕಲೆ ಉಳಿಸಿ ಹೋಗುವ ಕಾಯಿಲೆ ಅದು. ಮೂವರ ಕೈಗೂ ಬರುವುದು ಹೆಚ್ಚುಕಮ್ಮಿ ಒಂದೇ ಟ್ಯೂಬ್, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮು. ಮೊದಲ ವಾರ ಮೂವರಿಗೂ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ಮುಂದಿನ ಎಲ್ಲ ತಾಪತ್ರಯಕ್ಕೆ ಮೂಲ.

ಚರ್ಮಕ್ಕೆ ತನ್ನ ಕಷ್ಟ ಹೇಳಿಕೊಳ್ಳಲು ದಾರಿಗಳು ಕಡಿಮೆ. ಕೆಂಪಾಗುತ್ತದೆ, ಊದುತ್ತದೆ, ಹೊಟ್ಟೇಳುತ್ತದೆ, ತುರಿಸುತ್ತದೆ, ಉರಿಯುತ್ತದೆ. ಒಳಗೆ ನಡೆಯುವ ಗಲಾಟೆ ಯಾವುದೇ ಇರಲಿ, ಹೊರಗೆ ಕಾಣುವುದು ಇಷ್ಟೇ. ನಮ್ಮ ಕಡೆಯ ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದೂ ಇಲ್ಲ. ಕಂದಾಗಿಯೋ, ನೇರಳೆ ಬೆರೆತ ಕಪ್ಪಾಗಿಯೋ ಕಾಣುತ್ತದೆ. “ಮುಖ ಕಪ್ಪಾಗ್ತಿದೆ” ಎಂದು ಬರುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಉರಿಯೂತ. ಅಂದರೆ ನಿಜವಾಗಿ ಅದು ಕೆಂಪು.

ಅನುಮಾನ ಬಂದಾಗ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುವ ದಾರಿ ಇದ್ದೇ ಇದೆ. ಅದೇ ಬಯಾಪ್ಸಿ. ಮೂರು ನಾಲ್ಕು ಮಿಲಿಮೀಟರ್ ಅಗಲದ ಚೂರು ಸಾಕು. ತೊಡೆಯ ಮೇಲಾದರೆ ಯಾರೂ ತಕರಾರು ಮಾಡುವುದಿಲ್ಲ. ಕೆನ್ನೆಯಲ್ಲಿ ಎಂದರೆ ಮಾತು ಬೇರೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯ ಅಮ್ಮ “ಬೇಡ ಸಾರ್, ಬರೀ ಮುಲಾಮು ಕೊಡಿ” ಎಂದು ಎದ್ದೇ ಬಿಡುತ್ತಾರೆ. ಅವರನ್ನು ದೂರಲಾಗದು. ಮುಖದ ಮೇಲಿನ ಸಣ್ಣ ಗಾಯಕ್ಕೂ ಅದರದೇ ಬೆಲೆ ಇದೆ. ಬರಿಗಣ್ಣಿನ ಊಹೆಗೂ ಬಯಾಪ್ಸಿಯ ಬ್ಲೇಡಿಗೂ ನಡುವೆ ಇನ್ನೊಂದು ಮೆಟ್ಟಿಲು ಬೇಕಿತ್ತು. ಚರ್ಮದ ಡಾಕ್ಟರುಗಳಾದ ನಮಗೆ ಆ ಮೆಟ್ಟಿಲು ಡರ್ಮೋಸ್ಕೋಪ್.

ಬೆಳಕಿನ ಉಪಾಯ

ಉಪಕರಣ ನೋಡಲು ಏನೂ ಇಲ್ಲ. ಅಂಗೈಯಲ್ಲಿ ಹಿಡಿಸುತ್ತದೆ. ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್, ಅದರ ಸುತ್ತ ಪುಟ್ಟ ಎಲ್‌ಇಡಿ ದೀಪಗಳು. ಕೆಲವನ್ನು ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸಿ ಫೋಟೋ ತೆಗೆಯಬಹುದು. ಸೂಜಿ ಇಲ್ಲ, ನೋವಿಲ್ಲ, ಎಕ್ಸ್-ರೇ ಥರದ ವಿಕಿರಣವೂ ಇಲ್ಲ. ಕೆಲವು ನಿಮಿಷದ ಕೆಲಸ.

ಹಾಗಾದರೆ ಭೂತಗನ್ನಡಿ ಹಿಡಿದರೆ ಸಾಲದೇ? ಸಾಲದು. ದೊಡ್ಡದಾಗಿ ಕಾಣುವುದು ಅರ್ಧ ಕೆಲಸ ಮಾತ್ರ. ಅಡ್ಡಿ ಮಾಡುವುದು ಹೊಳಪು. ಮಧ್ಯಾಹ್ನದ ಬಿಸಿಲಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತರೆ ನೀರಿನ ಮೇಲ್ಮೈ ಫಳಫಳ ಹೊಳೆಯುತ್ತದೆ, ತಳದ ಕಲ್ಲು ಕಾಣುವುದಿಲ್ಲ, ಅಲ್ವಾ? ಚರ್ಮದ ಮೇಲೂ ಆಗುವುದು ಅದೇ. ಬೆಳಕಿನ ಒಂದು ಪಾಲು ಮೇಲಿನ ಒಣ ಪದರಕ್ಕೆ ತಾಗಿ ಹಾಗೇ ಕಣ್ಣಿಗೆ ವಾಪಸ್ ಬರುತ್ತದೆ. ಒಳಗೆ ಹೋಗಿ ಬಂದ ಬೆಳಕು ಆ ಹೊಳಪಿನಲ್ಲಿ ಮುಳುಗಿಹೋಗುತ್ತದೆ.

ಇದಕ್ಕೆ ಹಳೆಯ ಉಪಾಯ, ಚರ್ಮದ ಮೇಲೆ ಎಣ್ಣೆಯನ್ನೋ ಜೆಲ್ಲನ್ನೋ ಸವರಿ ಗಾಜು ಒತ್ತಿ ನೋಡುವುದು. ಹೊಸ ಉಪಾಯ ಪೋಲರೈಸ್ಡ್ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ದೀಪದ ಮುಂದೆ ಒಂದು ಫಿಲ್ಟರ್, ಕಣ್ಣಿನ ಮುಂದೆ ಇನ್ನೊಂದು. ಎರಡನ್ನೂ ಒಂದಕ್ಕೊಂದು ಅಡ್ಡವಾಗಿ ಕೂರಿಸಿರುತ್ತಾರೆ. ಮೇಲಿಂದಲೇ ಹಿಂದಿರುಗಿದ ಬೆಳಕು ಕಂಪನದ ದಿಕ್ಕು ಬದಲಿಸಿರುವುದಿಲ್ಲ, ಅದನ್ನು ಎರಡನೇ ಫಿಲ್ಟರ್ ತಡೆಯುತ್ತದೆ. ಒಳಗೆ ಹೋಗಿ ಅಲ್ಲಿ ಇಲ್ಲಿ ಚದುರಿ ಬಂದ ಬೆಳಕು ಮಾತ್ರ ಪಾರಾಗಿ ಕಣ್ಣಿಗೆ ಸಿಗುತ್ತದೆ. ಹಾಗಾಗಿ ಮೇಲ್ಚರ್ಮ ದಾಟಿ ಒಳಚರ್ಮದ ಮೇಲ್ಭಾಗದವರೆಗೆ ಏನಿದೆ ಎಂದು ಕಾಣುತ್ತದೆ. ಅದಕ್ಕಿಂತ ಆಳಕ್ಕೆ ಇದು ಇಳಿಯುವುದಿಲ್ಲ. ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ವಿದ್ಯೆ ಹೊಸದೇನಲ್ಲ. 1920ರಲ್ಲೇ ಯೊಹಾನ್ ಸಾಫಿಯರ್ ಎಂಬ ವೈದ್ಯ ಡರ್ಮಟೋಸ್ಕೋಪಿ ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದಿದ್ದರು. ಆಮೇಲೆ ಪಶ್ಚಿಮದ ದೇಶಗಳಲ್ಲಿ ಇದು ಬೆಳೆದದ್ದು ಮಚ್ಚೆಯ ಕ್ಯಾನ್ಸರ್ ಹುಡುಕಲು. ಬಿಳಿ ಚರ್ಮದವರಲ್ಲಿ ಮೆಲನೋಮ ಜಾಸ್ತಿ. ನಮ್ಮಲ್ಲಿ ಆ ಕ್ಯಾನ್ಸರ್ ಅಪರೂಪ, ಹಾಗಾಗಿ ಬಹಳ ಕಾಲ ಈ ಉಪಕರಣ ನಮಗೇಕೆ ಎಂಬ ಉದಾಸೀನವೂ ಇತ್ತು. ಉರಿಯೂತದ ಕಾಯಿಲೆಗಳಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂದು ಗೊತ್ತಾದ ಮೇಲೆ ಲೆಕ್ಕ ಬದಲಾಯಿತು. 2020ರಲ್ಲಿ ಅಂತರರಾಷ್ಟ್ರೀಯ ಡರ್ಮೋಸ್ಕೋಪಿ ಸಂಘದ ತಜ್ಞರು ಉರಿಯೂತದ ಚರ್ಮದಲ್ಲಿ ಏನೇನು ನೋಡಬೇಕು ಎಂದು ಒಮ್ಮತಕ್ಕೆ ಬಂದರು. ರಕ್ತನಾಳ, ಹೊಟ್ಟು, ಕೂದಲಿನ ರಂಧ್ರ, ಬಣ್ಣ ಮತ್ತು ಆಕಾರಗಳು, ಜೊತೆಗೆ ಆಯಾ ಕಾಯಿಲೆಗೇ ವಿಶೇಷವಾದ ಸುಳಿವು. ಭಾರತದ ಬಣ್ಣದ ಚರ್ಮದಲ್ಲಿ ಇವೆಲ್ಲ ಹೇಗೆ ಕಾಣುತ್ತವೆ ಎಂಬ ಬಗ್ಗೆ ನಮ್ಮವರೇ ಬರೆದ ಪ್ರಬಂಧಗಳು ಸಾಕಷ್ಟಿವೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕೆಲಸ ಈ ವಿಷಯದಲ್ಲಿ ಎದ್ದು ಕಾಣುತ್ತದೆ.

ಚುಕ್ಕಿಯೋ ಗೆರೆಯೋ

ಕೆಂಪು ಅಂದರೆ ರಕ್ತನಾಳ ಅಗಲವಾಗಿದೆ ಎಂದು ಅರ್ಥ. ಬರಿಗಣ್ಣಿಗೆ ಅದು ಬರೀ ಕೆಂಪು. ಲೆನ್ಸಿನಡಿ ಅದು ಚುಕ್ಕಿಯಾಗಿಯೋ ಗೆರೆಯಾಗಿಯೋ ಬಿಡಿಸಿಕೊಳ್ಳುತ್ತದೆ.

ಚುಕ್ಕಿ ಏಕೆ? ಚರ್ಮದ ಮೇಲ್ಪದರದ ಕೆಳಗೆ ಸಣ್ಣ ಸಣ್ಣ ರಕ್ತನಾಳಗಳು ಕುಣಿಕೆ ಹಾಕಿಕೊಂಡು ನೆಟ್ಟಗೆ ಮೇಲೆ ಬರುತ್ತವೆ. ಮೇಲಿಂದ ನೋಡುವವರಿಗೆ ಆ ಕುಣಿಕೆಯ ತುದಿ ಮಾತ್ರ ಕಾಣುತ್ತದೆ, ಅದೇ ಚುಕ್ಕಿ. ಅದಕ್ಕಿಂತ ಕೆಳಗೆ ನಾಳಗಳು ಚರ್ಮಕ್ಕೆ ಸಮಾನಾಂತರವಾಗಿ ಹರಡಿರುತ್ತವೆ. ಅವು ಅಗಲವಾದರೆ ಗೆರೆ ಗೆರೆಯಾಗಿ ಕಾಣುತ್ತವೆ. ಹಾಗಾಗಿ ಚುಕ್ಕಿ, ಗೆರೆ ಎನ್ನುವುದು ಬರೀ ಚಿತ್ರದ ಮಾತಲ್ಲ. ಉರಿಯೂತ ಯಾವ ಮಟ್ಟದಲ್ಲಿದೆ ಎಂಬ ಸುಳಿವು.

ಸೋರಿಯಾಸಿಸ್‌ನಲ್ಲಿ ಚುಕ್ಕಿಗಳು ಒಂದೇ ಗಾತ್ರದಲ್ಲಿ, ಒಂದೇ ಅಂತರದಲ್ಲಿ, ಇಡೀ ಮಚ್ಚೆಯ ತುಂಬ ಇರುತ್ತವೆ. ಮೇಲೆ ಬಿಳಿ ಹೊಟ್ಟು. ತಲೆಹೊಟ್ಟಿನ ಕಾಯಿಲೆ, ನಾವು ಸೆಬೊರಿಕ್ ಡರ್ಮಟೈಟಿಸ್ ಎನ್ನುವುದು, ಅಷ್ಟು ಶಿಸ್ತಿನದಲ್ಲ. ಅಲ್ಲೊಂದು ಇಲ್ಲೊಂದು ಗುಂಪಾಗಿ ಚುಕ್ಕಿ, ನಡುವೆ ಮಸುಕಾದ ಕವಲು ಗೆರೆ, ಮೇಲೆ ಹಳದಿ ಛಾಯೆಯ ಎಣ್ಣೆಣ್ಣೆ ಹೊಟ್ಟು. ರೊಸೇಶಿಯಾದಲ್ಲಿ ಗೆರೆಗಳದೇ ರಾಜ್ಯ. ಅವು ಒಂದಕ್ಕೊಂದು ಸೇರಿ ಐದಾರು ಮೂಲೆಗಳ ಚೌಕಟ್ಟುಗಳಾಗಿ ಕೆನ್ನೆಯ ತುಂಬ ಹಬ್ಬಿರುತ್ತವೆ. ಈ ಚೌಕಟ್ಟು ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದು ಕಷ್ಟ. ಮುಖದ ಕೆಂಪಿನ ಎಲ್ಲ ಸುಳಿವುಗಳಲ್ಲಿ ನನಗೆ ಬಹಳ ನೆಚ್ಚಿಕೊಳ್ಳಬಹುದು ಅನಿಸಿರುವುದು ಇದೇ. ಆದರೆ ಇದಕ್ಕೂ ಒಂದು ದೊಡ್ಡ ಮೋಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ನಾಳಗಳನ್ನು ನೋಡುವಾಗ ಒಂದು ಎಚ್ಚರ ಬೇಕು. ಉಪಕರಣ ಒತ್ತಿದರೆ ರಕ್ತ ಪಕ್ಕಕ್ಕೆ ಸರಿದು ನಾಳಗಳೇ ಮಾಯವಾಗುತ್ತವೆ. ಅದಕ್ಕೇ ಮುಖದ ಕೆಂಪನ್ನು ನೋಡುವಾಗ ಚರ್ಮಕ್ಕೆ ತಾಗಿಸದೆ ನೋಡುವುದು ಒಳ್ಳೆಯದು. ತಾಗಿಸಲೇಬೇಕಾದರೆ ಜೆಲ್ ಹಾಕಿ ಹಗುರವಾಗಿ. ಇನ್ನು ಕಪ್ಪು ಚರ್ಮದಲ್ಲಿ ಮೆಲನಿನ್ ಬಣ್ಣ ನಾಳಗಳನ್ನು ಮರೆಮಾಡುತ್ತದೆ. ವಿದೇಶಿ ಪುಸ್ತಕದ ಚಿತ್ರದಲ್ಲಿ ನಿಚ್ಚಳವಾಗಿ ಕಾಣುವ ಕೆಂಪು ಚುಕ್ಕಿ ನಮ್ಮ ರೋಗಿಯ ಕೆನ್ನೆಯಲ್ಲಿ ನೇರಳೆಯಾಗಿ, ಕೆಲವೊಮ್ಮೆ ಕಾಣದೆಯೇ ಹೋಗಬಹುದು. ಚುಕ್ಕಿ ಕಾಣಲಿಲ್ಲ ಎಂದು ಸೋರಿಯಾಸಿಸ್ ಅಲ್ಲ ಎನ್ನಲು ಆಗುವುದಿಲ್ಲ. ಆಗ ಹೊಟ್ಟಿನ ಬಣ್ಣಕ್ಕೆ, ರಂಧ್ರಗಳಿಗೆ ಜಾಸ್ತಿ ತೂಕ ಕೊಡಬೇಕಾಗುತ್ತದೆ.

ರಂಧ್ರಗಳ ಸುತ್ತ

ಮುಖದ ಚರ್ಮದ ವಿಶೇಷ ಎಂದರೆ ರಂಧ್ರಗಳು. ಕೂದಲು ಹೊರಬರುವ ತೂತು, ಎಣ್ಣೆ ಗ್ರಂಥಿಯ ಬಾಯಿ, ಬೆವರಿನ ಬಾಯಿ. ಮೈಯ ಬಹುಪಾಲು ಕಡೆ ಇವು ಇಷ್ಟು ಎದ್ದು ಕಾಣುವುದಿಲ್ಲ. ಮುಖದ ಬಹಳಷ್ಟು ಕಾಯಿಲೆಗಳು ಇವುಗಳ ಸುತ್ತಲೇ ಕಥೆ ನಡೆಸುತ್ತವೆ.

ಡಿಸ್ಕಾಯ್ಡ್ ಲೂಪಸ್ ತೆಗೆದುಕೊಳ್ಳಿ. ಶುರುವಿನಲ್ಲಿ ರಂಧ್ರಗಳ ಜಾಗದಲ್ಲಿ ಕೆಂಪು ಚುಕ್ಕಿಗಳು ಕಾಣುತ್ತವೆ. ರಂಧ್ರದೊಳಗೆ ಒಣ ಕೆರಾಟಿನ್, ಅಂದರೆ ಉಗುರು ಕೂದಲಿನಲ್ಲಿರುವ ಗಟ್ಟಿ ವಸ್ತು, ತುಂಬಿ ಬಿರಡೆ ಹಾಕಿದಂತಾಗಿರುತ್ತದೆ. ರಂಧ್ರದ ಸುತ್ತ ಬಿಳಿ ಉಂಗುರ. ಮೇಲೆ ಅಂಟಿಕೊಂಡ ಬಿಳಿ ಹೊಟ್ಟು. ಪೋಲರೈಸ್ಡ್ ಬೆಳಕಿನಲ್ಲಿ ಕೆಲವು ರಂಧ್ರಗಳಲ್ಲಿ ನಾಲ್ಕು ಬಿಳಿ ಚುಕ್ಕೆ ಸೇರಿ ಹೂವಿನಂಥ ಆಕಾರ ಹೊಳೆಯುವುದುಂಟು. ನೋಡಲು ಚೆನ್ನಾಗಿರುತ್ತದೆ, ಆದರೆ ಬೇರೆ ಕಾಯಿಲೆಗಳಲ್ಲೂ ಕಾಣುತ್ತದೆ, ಅದನ್ನೇ ನಂಬಿ ಕೂರಬಾರದು. ಕಾಯಿಲೆ ಹಳೆಯದಾದಂತೆ ಚಿತ್ರವೇ ಬದಲಾಗುತ್ತದೆ. ಕೆಂಪು ಚುಕ್ಕಿ, ಬಿರಡೆ ಹೋಗಿ ಬಿಳಿಯ ಬಯಲು ಬರುತ್ತದೆ, ಅದರ ಮೇಲೆ ಉದ್ದುದ್ದ ರಕ್ತನಾಳ, ಅಂಚಿನಲ್ಲಿ ಕಪ್ಪು. ಆ ಬಿಳಿ ಬಯಲು ಅಂದರೆ ಒಳಗೆ ಗಾಯದ ನಾರು ಕೂತಿದೆ ಎಂದರ್ಥ. ಗಡ್ಡದ ಜಾಗದಲ್ಲಾದರೆ ಅಲ್ಲಿ ಇನ್ನು ಕೂದಲು ಬರುವುದಿಲ್ಲ.

ಇದೇ ಕಾರಣಕ್ಕೆ ಲೂಪಸ್‌ನಲ್ಲಿ ಡರ್ಮೋಸ್ಕೋಪ್ ಗುರುತಿಸಲು ಮಾತ್ರವಲ್ಲ, ಚಿಕಿತ್ಸೆಯ ಜಾಡು ಹಿಡಿಯಲೂ ಬೇಕು. ಕೆಂಪು ಚುಕ್ಕಿ ಕಡಿಮೆಯಾಗುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ. ಬಿಳಿ ಜಾಗ ಹರಡುತ್ತಿದ್ದರೆ ನಾವು ತಡ ಮಾಡುತ್ತಿದ್ದೇವೆ. ಒಂದೇ ಜಾಗದ ಫೋಟೋ ಪ್ರತಿ ಸಲವೂ ತೆಗೆದಿಟ್ಟರೆ ರೋಗಿಗೂ ತೋರಿಸಬಹುದು. “ನೋಡಿಯಮ್ಮ, ಹೋದ ಸಲ ಇಲ್ಲಿ ಹೀಗಿತ್ತು” ಎಂದರೆ ಮಾತ್ರೆ ನಿಲ್ಲಿಸುವವರು ಕಡಿಮೆಯಾಗುತ್ತಾರೆ.

ರಂಧ್ರದಲ್ಲಿ ಇನ್ನೊಬ್ಬ ಬಾಡಿಗೆದಾರನೂ ಇದ್ದಾನೆ, ಡೆಮೊಡೆಕ್ಸ್ ಎಂಬ ಹುಳ. ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ಎಲ್ಲರ ಮುಖದಲ್ಲೂ ಇರುತ್ತದೆ, ಗಾಬರಿ ಬೇಡ. ಚದರ ಸೆಂಟಿಮೀಟರಿಗೆ ಐದಕ್ಕಿಂತ ಜಾಸ್ತಿಯಾದರೆ ತೊಂದರೆ ಎಂದು ಲೆಕ್ಕ. ಲೆನ್ಸಿನಡಿ ರಂಧ್ರದ ಬಾಯಿಂದ ಬಿಳಿ ಎಳೆಯೊಂದು ಇಣುಕುತ್ತಿದ್ದರೆ ಅದು ಇವನ ಬಾಲ. ರೊಸೇಶಿಯಾದಂತೆ ಕಾಣುವ ಒರಟು ಕೆಂಪಿಗೆ ಕೆಲವೊಮ್ಮೆ ಇವನೇ ಕಾರಣ. ಆಗ ಚಿಕಿತ್ಸೆಯೂ ಬೇರೆ.

ಬಣ್ಣ ಆಳ ಹೇಳುತ್ತದೆ

ಮೆಲನಿನ್ ಎಂಬ ಒಂದೇ ಕಂದು ವಸ್ತು ಚರ್ಮದಲ್ಲಿ ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ತೀರ ಮೇಲಿದ್ದರೆ ಕಪ್ಪು. ಮೇಲ್ಚರ್ಮದಲ್ಲಿದ್ದರೆ ಕಂದು. ಒಳಚರ್ಮಕ್ಕೆ ಬಿದ್ದರೆ ಬೂದು, ಇನ್ನೂ ಕೆಳಗಾದರೆ ನೀಲಿ. ನೀಲಿ ಬೆಳಕು ಬೇಗ ಚದುರಿ ಹಿಂದಕ್ಕೆ ಬರುವುದರಿಂದ ಹೀಗಾಗುತ್ತದೆ.

ಇದು ಯಾಕೆ ಮುಖ್ಯ ಎಂದರೆ, ನಮ್ಮ ಕಡೆ ಮುಖ ಕಪ್ಪಾದರೆ ಎಲ್ಲರೂ ಹೇಳುವುದು ಬಂಗು ಎಂದೇ. ಬಂಗಿನಲ್ಲಿ ಕಂದು ಬಣ್ಣ ರಂಧ್ರಗಳನ್ನು ಬಿಟ್ಟು ಸುತ್ತಲೂ ಹರಡಿರುತ್ತದೆ. ರಂಧ್ರದ ಬಾಯಿ ಶುಭ್ರವಾಗಿ ಕಾಣುತ್ತದೆ. ಅದೇ ಲೈಕೆನ್ ಪ್ಲೇನಸ್ ಪಿಗ್ಮೆಂಟೋಸಸ್ ಎಂಬ ಉರಿಯೂತದ ಕಾಯಿಲೆಯಲ್ಲಿ ಬೂದು, ನೀಲಿ ಚುಕ್ಕೆಗಳು ಚೆಲ್ಲಿದಂತಿರುತ್ತವೆ, ಎಷ್ಟೋ ಸಲ ರಂಧ್ರದ ಸುತ್ತಲೇ ಕೂತಿರುತ್ತವೆ. ಉರಿಯೂತ ಮೇಲ್ಚರ್ಮದ ಬುಡವನ್ನು ಕೆಡಿಸಿ ಬಣ್ಣವನ್ನು ಕೆಳಕ್ಕೆ ಉದುರಿಸಿದೆ ಎಂದು ಅದರ ಅರ್ಥ. ಕೆಳಗೆ ಬಿದ್ದ ಬಣ್ಣಕ್ಕೆ ಮೇಲಿಂದ ಬಿಳಿ ಮಾಡುವ ಕ್ರೀಮ್ ಹಚ್ಚಿ ಪ್ರಯೋಜನವಿಲ್ಲ. ತಲೆಗೆ ಹಚ್ಚುವ ಹೇರ್ ಡೈ, ಕೆಲವು ಎಣ್ಣೆ, ಕೆಲವು ಬಗೆಯ ಕುಂಕುಮ ಇವುಗಳಿಂದಲೂ ಇಂಥ ಕಪ್ಪು ಬರುವುದುಂಟು. ಹಾಗಾಗಿ ಬೂದು ಚುಕ್ಕೆ ಕಂಡ ಕೂಡಲೇ ನಾನು ಕೇಳುವ ಪ್ರಶ್ನೆ “ತಲೆಗೆ ಏನು ಹಚ್ತೀರಿ?” ಎಂದು. ಮುಖ ತೋರಿಸಲು ಬಂದವರಿಗೆ ಇದೇನು ತಲೆಯ ವಿಚಾರ ಎನಿಸುತ್ತದೆ.

ಇನ್ನೊಂದು ಬಣ್ಣವಿದೆ, ಕಿತ್ತಳೆ ಬೆರೆತ ಹಳದಿ. ಗುರುತು ಗೆರೆಯಿಲ್ಲದೆ ಒಂದು ಜಾಗ ಹಾಗೇ ಹಳದಿಯಾಗಿ, ಮೇಲೆ ನಿಚ್ಚಳವಾದ ಕವಲು ರಕ್ತನಾಳಗಳಿದ್ದರೆ, ಒಳಗೆ ಜೀವಕೋಶಗಳು ಗಂಟುಗಂಟಾಗಿ ಸೇರಿಕೊಂಡಿವೆ ಎಂದು ಅನುಮಾನ. ಚರ್ಮದ ಟಿಬಿ, ಸಾರ್ಕಾಯ್ಡೋಸಿಸ್, ಕುಷ್ಠದ ಕೆಲವು ಬಗೆಗಳಲ್ಲಿ ಹೀಗೆ ಕಾಣುತ್ತದೆ. ಇವು ಮೂರನ್ನೂ ಒಂದರಿಂದ ಒಂದು ಬೇರೆ ಮಾಡುವುದು ಲೆನ್ಸಿನಿಂದ ಆಗದ ಕೆಲಸ. ಇಲ್ಲಿ ಬಯಾಪ್ಸಿ ಬೇಡ ಎನ್ನುವ ಮಾತೇ ಇಲ್ಲ. ಆದರೆ ಲೆನ್ಸ್ ಎರಡು ಉಪಕಾರ ಮಾಡುತ್ತದೆ. ಇದು ಮಾಮೂಲಿ ಇಸುಬಲ್ಲ ಎಂದು ಎಚ್ಚರಿಸುತ್ತದೆ. ಚೂರು ಎಲ್ಲಿಂದ ತೆಗೆಯಬೇಕು ಎಂದು ತೋರಿಸುತ್ತದೆ. ಟಿಬಿಗೂ ಕುಷ್ಠಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಆದರೆ ಮೊದಲು ಯಾರಾದರೂ ಅನುಮಾನ ಪಡಬೇಕಲ್ಲ.

ಕುಷ್ಠದ ವಿಷಯದಲ್ಲಿ ಮುಖಕ್ಕೆ ಒಂದು ವಿಶೇಷವಿದೆ. ಮಚ್ಚೆಯ ಮೇಲೆ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠ ಎಂದು ಎಲ್ಲರಿಗೂ ಗೊತ್ತು. ಮುಖಕ್ಕೆ ನರಗಳು ಧಾರಾಳ. ಹಾಗಾಗಿ ಕೆನ್ನೆಯ ಮಚ್ಚೆಯಲ್ಲಿ ಸ್ಪರ್ಶ ಚೆನ್ನಾಗಿಯೇ ಇರಬಹುದು. ಸ್ಪರ್ಶ ಇದೆ, ಕುಷ್ಠ ಅಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಲೆನ್ಸಿನಡಿ ಆ ಜಾಗದಲ್ಲಿ ನವಿರು ಕೂದಲು ಕಡಿಮೆಯಾಗಿದೆಯೇ, ಬೆವರಿನ ರಂಧ್ರದ ಬಿಳಿ ಚುಕ್ಕೆಗಳು ಸುತ್ತಲಿನ ಚರ್ಮಕ್ಕಿಂತ ಕಡಿಮೆ ಇವೆಯೇ ಎಂದು ನೋಡುತ್ತೇವೆ. ಮಕ್ಕಳ ಕೆನ್ನೆಯ ಬಿಳಿ ಮಚ್ಚೆಗಳಲ್ಲಿ ಬಹುಪಾಲು ಇಂಥದ್ದೇನೂ ಅಲ್ಲ, ಪಿಟಿರಿಯಾಸಿಸ್ ಆಲ್ಬಾ ಎಂಬ ಸಾಧು ಕಾಯಿಲೆ. ಅಂಚು ಮಸುಕು, ಮೇಲೆ ಸಣ್ಣ ಹೊಟ್ಟು, ಕೂದಲು ಸರಿಯಾಗಿಯೇ ಇರುತ್ತದೆ. ಮನೆಯಲ್ಲಿ ಅದನ್ನು ಹೊಟ್ಟೆಹುಳ ಎನ್ನುತ್ತಾರೆ, ಕ್ಯಾಲ್ಸಿಯಂ ಕಡಿಮೆ ಎನ್ನುತ್ತಾರೆ. ಎರಡೂ ಅಲ್ಲ. ತೊನ್ನಾದರೆ ಬಿಳುಪು ಹಾಲಿನಂತೆ ಪ್ರಖರ, ಅಂಚು ಸ್ಪಷ್ಟ. ಅದರೊಳಗಿನ ರಂಧ್ರಗಳ ಸುತ್ತ ಕಂದು ಬಣ್ಣ ಉಳಿದಿದ್ದರೆ ಬಣ್ಣ ವಾಪಸ್ ಬರುವ ಆಸೆ ಜಾಸ್ತಿ. ಕೂದಲೂ ಬೆಳ್ಳಗಾಗಿದ್ದರೆ ಕಷ್ಟ.

ಟ್ಯೂಬಿನ ಗುರುತು

ಈಗ ಆ ದೊಡ್ಡ ಮೋಸಕ್ಕೆ ಬರೋಣ. ರೊಸೇಶಿಯಾದ ಚೌಕಟ್ಟು ಕಂಡ ಎಲ್ಲರಿಗೂ ರೊಸೇಶಿಯಾ ಇರುವುದಿಲ್ಲ. ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಕ್ರೀಮ್ ಹಚ್ಚಿದವರಲ್ಲೂ ಅದೇ ಕಾಣುತ್ತದೆ. ಕೆಂಪು ಹಿನ್ನೆಲೆ, ಎಲ್ಲೆಂದರಲ್ಲಿ ಹಬ್ಬಿದ ಉದ್ದ ನಾಳಗಳು, ಅವು ಸೇರಿ ಆದ ಚೌಕಟ್ಟು. ಜೊತೆಗೆ ತೆಳುವಾದ ಬಿಳಿ ಜಾಗ, ಕಂದು ಗುಂಡು ಚುಕ್ಕೆ, ಅಲ್ಲಲ್ಲಿ ಕೀವು ಮೊಡವೆ, ಹೆಚ್ಚಾದ ನವಿರು ಕೂದಲು. ಭಾರತದಲ್ಲಿ ಇದು ಎಷ್ಟು ಮಾಮೂಲಿ ಎಂದರೆ 2008ರಲ್ಲಿ ನಮ್ಮ ವೈದ್ಯರೇ ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟರು, ಸ್ಟೀರಾಯ್ಡ್ ಕ್ರೀಮಿನಿಂದ ಕೆಟ್ಟ ಮುಖ ಎಂದು.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಮುಖದ ಚರ್ಮದ ತೊಂದರೆಗೆ ಬಂದ 2926 ಜನರನ್ನು ಕೇಳಿ ನೋಡಿದರು. 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ನೂರಕ್ಕೆ 29 ಮಂದಿ ಹಚ್ಚುತ್ತಿದ್ದದ್ದು ಬೆಳ್ಳಗಾಗಲು, ಇಲ್ಲವೇ ಮಾಮೂಲಿ ಕ್ರೀಮಿನ ಹಾಗೆ. ನೂರಕ್ಕೆ 24 ಮಂದಿ ಮೊಡವೆಗೆ. ಮೊಡವೆಗೆ ಹಚ್ಚಿದ ಸ್ಟೀರಾಯ್ಡ್ ಮೊಡವೆಯನ್ನೇ ಬರಿಸುತ್ತದೆ ಎಂಬುದು ಇದರ ವಿಡಂಬನೆ. ಭಾರತೀಯ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ತಿದ್ದಿತು. ನಿಯಮ ಇದೆ. ಟ್ಯೂಬೂ ಸಿಗುತ್ತದೆ. ಇಷ್ಟೇ ಹೇಳಬಲ್ಲೆ.

ಸ್ಟೀರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಲೂಪಸ್‌ಗೆ ನಾವೇ ಬರೆದುಕೊಡುತ್ತೇವೆ. ಯಾವ ಬಲದ್ದು, ಎಷ್ಟು ದಿನ, ಯಾವ ಜಾಗಕ್ಕೆ ಎಂಬ ಲೆಕ್ಕ ಇರಬೇಕು. ಲೆಕ್ಕವಿಲ್ಲದೆ ಹಚ್ಚಿದರೆ ಎರಡು ಅನಾಹುತ. ಒಂದು, ಚರ್ಮ ಅದಕ್ಕೆ ಒಗ್ಗಿಕೊಂಡು, ಹಚ್ಚುವುದನ್ನು ನಿಲ್ಲಿಸಿದರೆ ಉರಿ, ಹಚ್ಚಿದರೆ ತಂಪು ಎಂಬಂತಾಗುತ್ತದೆ. ಇನ್ನೊಂದು, ಲೆನ್ಸಿಗೆ ಬೇಕಾದ ಸುಳಿವುಗಳೇ ಅಳಿಸಿಹೋಗುತ್ತವೆ. ಹುಳುಕಡ್ಡಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮುಖದ ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಅದರ ದುಂಡನೆಯ ಅಂಚು ಮಾಯವಾಗಿ ಬರೀ ಮಸುಕಾದ ಕೆಂಪು ಉಳಿಯುತ್ತದೆ, ಒಳಗೆ ಶಿಲೀಂಧ್ರ ಆರಾಮಾಗಿ ಬೆಳೆಯುತ್ತಿರುತ್ತದೆ. ಲೆನ್ಸಿನಲ್ಲಿ ಮುರಿದ ನವಿರು ಕೂದಲು, ಅಂಚಿನ ಹೊಟ್ಟು ಸಿಕ್ಕರೆ ಅನುಮಾನ ಬರುತ್ತದೆ. ಆಮೇಲೆ ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಚಿತ. ಆ ಪರೀಕ್ಷೆಗೆ ಹೆಚ್ಚು ಖರ್ಚೂ ಇಲ್ಲ.

ಹಾಗಾಗಿ ರೊಸೇಶಿಯಾವೋ ಟ್ಯೂಬಿನ ಕೆಲಸವೋ ಎಂದು ಲೆನ್ಸೊಂದೇ ಹೇಳಲಾರದು. ರೋಗಿ ಹೇಳಬೇಕು. “ಏನೂ ಹಚ್ಚಿಲ್ಲ ಸಾರ್” ಎಂದವರು ಸ್ವಲ್ಪ ಹೊತ್ತಿನ ಮೇಲೆ “ಅಕ್ಕ ಹಚ್ಚೋ ಕ್ರೀಮ್ ಒಂದ್ ಸ್ವಲ್ಪ” ಎನ್ನುವುದು ಮಾಮೂಲಿ. ಬೈಯುತ್ತಾರೆ ಎಂಬ ಭಯ ಅದು. ಬೈಯುವ ಡಾಕ್ಟರುಗಳೂ ಇದ್ದಾರೆ, ಸುಳ್ಳಲ್ಲ. ಸತ್ಯ ಹೇಳಿದವರಿಗೆ ಬೈದರೆ ಮುಂದಿನ ಸಲ ಸತ್ಯ ಸಿಗುವುದಿಲ್ಲ ಎಂಬುದು ನಮ್ಮವರಿಗೂ ಗೊತ್ತಾಗಬೇಕು.

ಕಾಂಗ್ರೆಸ್ ಗಿಡದ ಮುಂದೆ ಲೆನ್ಸ್ ಸೋಲುತ್ತದೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಎಲ್ಲಿ ಹೊಲದ ಬದುವಿಗೆ ಹೋದರೂ ಪಾರ್ಥೇನಿಯಂ ಇದೆ, ನಾವು ಕಾಂಗ್ರೆಸ್ ಗಿಡ ಎನ್ನುವುದು. ಅದರ ಪುಡಿ, ಒಣಗಿದ ಚೂರು ಗಾಳಿಯಲ್ಲಿ ತೇಲಿ ಬಂದು ಮುಖಕ್ಕೆ ಅಂಟಿದರೆ ಒಗ್ಗದವರಿಗೆ ಘೋರ ಇಸುಬು. ಲೆನ್ಸಿನಲ್ಲಿ ಕಾಣುವುದೇನು? ಚದುರಿದ ಕೆಂಪು ಚುಕ್ಕಿ, ರಸ ಒಣಗಿದ ಹಳದಿ ಹಕ್ಕಳೆ. ಯಾವ ಇಸುಬಿನಲ್ಲಾದರೂ ಕಾಣುವುದು ಅಷ್ಟೇ. ಕಾರಣ ಹೇಳುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಎರಡಡಿ ದೂರ ನಿಂತು ಬರಿಗಣ್ಣಲ್ಲಿ ನೋಡುವುದು. ಬಿಸಿಲಿನಿಂದ ಕೆರಳುವ ಕಾಯಿಲೆ, ಉದಾಹರಣೆಗೆ ಲೂಪಸ್, ಬಿಸಿಲು ಬೀಳದ ಜಾಗವನ್ನು ಬಿಟ್ಟುಬಿಡುತ್ತದೆ. ಮೇಲಿನ ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ ಆರಾಮಾಗಿರುತ್ತವೆ. ಗಾಳಿಯಲ್ಲಿ ಬರುವ ಪುಡಿಗೆ ನೆರಳಿನ ಹಂಗಿಲ್ಲ, ರೆಪ್ಪೆಯ ಮೇಲೂ ಕಿವಿಯ ಹಿಂದೂ ಕುತ್ತಿಗೆಯ ಮಡಿಕೆಯಲ್ಲೂ ಕೂರುತ್ತದೆ. ಈ ಒಂದು ಗುರುತು ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಜಾಸ್ತಿ ಹೇಳುತ್ತದೆ. ಖಚಿತ ಮಾಡಿಕೊಳ್ಳಲು ಬೆನ್ನಿಗೆ ಪ್ಯಾಚ್ ಟೆಸ್ಟ್ ಹಾಕುತ್ತೇವೆ, ಅಂದರೆ ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ಒಗ್ಗುತ್ತದೆಯೇ ಎಂದು ನೋಡುತ್ತೇವೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಾದರೆ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ಬಗ್ಗೆಯೂ ಕೇಳುತ್ತೇವೆ. ಇದನ್ನೆಲ್ಲ ಯಾವ ಲೆನ್ಸೂ ಕೇಳುವುದಿಲ್ಲ.

ತೋರಿಸಲು ಹೋಗುವ ಮುನ್ನ

ಮುಖ ತೊಳೆದುಕೊಂಡು ಹೋಗಿ, ಆದರೆ ಉಜ್ಜಬೇಡಿ. ಉಜ್ಜಿದರೆ ಹೊಟ್ಟು ಹೋಗುತ್ತದೆ, ನಮಗೆ ಬೇಕಾದದ್ದೇ ಅದು. ಪೌಡರ್, ಫೌಂಡೇಶನ್, ಸನ್‌ಸ್ಕ್ರೀನ್ ರಂಧ್ರಗಳಲ್ಲಿ ಕೂತರೆ ಕೆರಾಟಿನ್ ಬಿರಡೆಯ ಹಾಗೇ ಕಾಣುತ್ತವೆ. ಅರಿಶಿನ ಹಚ್ಚುವ ರೂಢಿ ಇದ್ದರೆ ಎರಡು ಮೂರು ದಿನ ಬಿಡುವುದು ಒಳ್ಳೆಯದು. ಅದರ ಹಳದಿ ಹೊಟ್ಟಿಗೂ ಚರ್ಮದ ಗೆರೆಗೂ ಅಂಟಿಕೊಂಡು ಮೇಲೆ ಹೇಳಿದ ಹಳದಿ, ಕಿತ್ತಳೆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಲೆನ್ಸನ್ನು ಒಬ್ಬರಿಂದ ಒಬ್ಬರಿಗೆ ಸ್ಪಿರಿಟ್‌ನಲ್ಲಿ ಒರೆಸಿ ಬಳಸಬೇಕು. ಒರೆಸದಿದ್ದರೆ ಕೇಳಿ, ಸಂಕೋಚ ಬೇಡ. ಫೋಟೋ ತೆಗೆಯುವ ಮೊದಲು ನಿಮ್ಮನ್ನು ಕೇಳಬೇಕು, ಅದೂ ನಿಮ್ಮ ಹಕ್ಕು.

ಎಲ್ಲ ಕ್ಲಿನಿಕ್ಕಿನಲ್ಲೂ ಈ ಉಪಕರಣ ಇರುವುದಿಲ್ಲ. ಕೋಲಾರದ ಟಮಕದಲ್ಲಿ, ತುಮಕೂರಿನಲ್ಲಿ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಿವೆ, ಅಲ್ಲಿ ವಿಚಾರಿಸಬಹುದು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ತರಿಸಿಕೊಂಡು ಮನೆಯಲ್ಲೇ ನೋಡಿಕೊಳ್ಳುವವರೂ ಈಗ ಬರುತ್ತಿದ್ದಾರೆ. ನೋಡಿಕೊಳ್ಳಿ, ತಪ್ಪೇನಿಲ್ಲ. ಆದರೆ ಆ ಚಿತ್ರ ಹಿಡಿದು ಕಾಯಿಲೆಯ ಹೆಸರು ನೀವೇ ಇಟ್ಟುಕೊಳ್ಳಬೇಡಿ. ಮುಖದ ಕೆಂಪಿನ ಜೊತೆ ಜ್ವರ, ಕೀಲುನೋವು, ಬಾಯಿಹುಣ್ಣು, ಕೂದಲುದುರು ಇದ್ದರೆ ಲೆನ್ಸಿಗಿಂತ ಮೊದಲು ರಕ್ತ, ಮೂತ್ರದ ಪರೀಕ್ಷೆ ಆಗಬೇಕು. ಮುಖ ಒಮ್ಮೆಲೇ ಊದಿ ಬಿಸಿಯಾಗಿ ಜ್ವರ ಬಂದರೆ ಚರ್ಮದ ಡಾಕ್ಟರ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಲೆನ್ಸ್ ನೋಡಿದ ಮೇಲೂ ಡಾಕ್ಟರು ಬಯಾಪ್ಸಿ ಎಂದರೆ ಉಪಕರಣ ದಂಡವಾಯಿತು ಎಂದುಕೊಳ್ಳಬೇಡಿ. ಎಲ್ಲಿ ಕಾಯಿಲೆ ಇನ್ನೂ ಚುರುಕಾಗಿದೆ, ಎಲ್ಲಿ ಬರೀ ಗಾಯದ ನಾರು ಉಳಿದಿದೆ ಎಂದು ಅದು ತೋರಿಸಿರುತ್ತದೆ. ನಾರಿನ ಜಾಗದಿಂದ ತೆಗೆದ ಚೂರು ಉತ್ತರ ಕೊಡದೆ, ಮತ್ತೊಮ್ಮೆ ಕೊಯ್ಯುವ ಪ್ರಸಂಗ ಬರಬಹುದು. ಸರಿಯಾದ ಜಾಗ ಸಿಕ್ಕರೆ ಒಂದೇ ಚೂರು ಸಾಕಾಗುತ್ತದೆ. ಸಾಧ್ಯವಾದರೆ ಆ ಜಾಗ ಕಿವಿಯ ಪಕ್ಕವೋ ದವಡೆಯ ಅಂಚೋ ಆಗಿರುವಂತೆ ನೋಡಿಕೊಳ್ಳುತ್ತೇವೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುವುದರಿಂದ ಸೂಜಿ ಚುಚ್ಚಿದ ನೋವಷ್ಟೇ. ಒಂದೋ ಎರಡೋ ಹೊಲಿಗೆ. ಮುಖದ ಹೊಲಿಗೆಯನ್ನು ಐದರಿಂದ ಏಳು ದಿನದೊಳಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ಆ ಜಾಗಕ್ಕೆ ಬಿಸಿಲು, ಸೋಪು, ಅರಿಶಿನ ಯಾವುದೂ ಬೇಡ.